ಮೀಟರಿನಿಂದ ಈಚೆಗೆ

ಗುಳೇದಗುಡ್ಡದ ಹಳೆಯ ಓಣಿಗಳಲ್ಲಿ ನಡೆದರೆ ಮನೆಗಳ ತಲೆಬಾಗಿಲ ಪಕ್ಕದಲ್ಲಿ ಎರಡು ನಂಬರುಗಳು ಕಾಣುತ್ತವೆ. ಒಂದು ಪುರಸಭೆಯ ಮನೆ ನಂಬರು. ಇನ್ನೊಂದು ಮೀಟರಿನ ಹತ್ತಿರ ಬಣ್ಣದಲ್ಲೋ ಇದ್ದಿಲಲ್ಲೋ ಬರೆದ ಆರ್.ಆರ್. ನಂಬರು. ಮನೆ ನಂಬರು ಮರೆತವರಿಗೂ ಆರ್.ಆರ್. ನಂಬರು ಬಾಯಿಪಾಠ, ಬಿಲ್ಲು ಬರುವುದು ಅದರ ಮೇಲೆ. ಆರ್.ಆರ್. ಎಂದರೆ ರೆವಿನ್ಯೂ ರಿಜಿಸ್ಟರ್, ವರಮಾನದ ದಾಖಲೆ ಪುಸ್ತಕ. ಹೆಸರಿನಲ್ಲೇ ಎಲ್ಲವೂ ಇದೆ. ಈ ಮನೆ ಎಷ್ಟು ಯೂನಿಟ್ಟು ಉರಿಸಿತು, ಎಷ್ಟು ಕಟ್ಟಿತು, ಎಷ್ಟು ಬಾಕಿ ಉಳಿಸಿಕೊಂಡಿತು ಎಂಬುದೆಲ್ಲ ಆ ಪುಸ್ತಕಕ್ಕೆ ಗೊತ್ತು. ಮೀಟರು ದಾಟಿ ಒಳಗೆ ಹೋದ ತಂತಿ ಯಾವ ತೊಲೆಗೆ ಜೋತುಬಿದ್ದಿದೆ, ಯಾವ ಗೋಡೆಯ ತೇವ ಕುಡಿಯುತ್ತಿದೆ, ಎಲ್ಲಿ ಬರಿ ಕೈಯಲ್ಲಿ ತಿರುಚಿ ಪಟ್ಟಿ ಸುತ್ತಿದ್ದಾರೆ ಎಂಬುದು ಅದಕ್ಕೆ ಗೊತ್ತಿಲ್ಲ. ಈ ಬರಹ ಆ ಒಳಗಿನ ತಂತಿಯದು.

ನನ್ನ ಪಿಎಚ್.ಡಿ. ವಿಷಯ ವಾಯರಿಂಗ್ ಅಲ್ಲ. ಹಳೆಯ ವಿಜಾಪುರ ಜಿಲ್ಲೆಯ ನೇಕಾರರ ಮನೆಗಳೊಳಗಿನ ಜಾಗ ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು ಎಂಬುದು ನನ್ನ ಅಧ್ಯಯನ. ಅದಕ್ಕಾಗಿ ಟೇಪು ಹಿಡಿದು ಪಡಸಾಲೆ ಅಳೆಯುತ್ತೇನೆ, ಕಂಬಗಳ ನಡುವಿನ ಅಂತರ ಬರೆದುಕೊಳ್ಳುತ್ತೇನೆ, ಮಗ್ಗ ಎಲ್ಲಿತ್ತು, ಒಲೆ ಎಲ್ಲಿತ್ತು ಎಂದು ಹಿರಿಯರನ್ನು ಕೇಳುತ್ತೇನೆ. ಹಾಗೆ ತಲೆ ಎತ್ತಿ ಜಂತಿ ಎಣಿಸುವಾಗಲೆಲ್ಲ ಕಣ್ಣಿಗೆ ಬೀಳುತ್ತಿದ್ದದ್ದು ತಂತಿಗಳು. ಒಂದೇ ಮನೆಯಲ್ಲಿ ಮೂರು ಕಾಲದ ತಂತಿ. ಸಾಗವಾನಿ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪುಗಳಿಂದ ಕೂಡಿಸಿದ ಕಪ್ಪು ರಬ್ಬರಿನ ಜೋಡಿ ತಂತಿ, ಅದರ ಮೇಲೆ ಹಾದುಹೋದ ಬಿಳಿ ಪ್ಲಾಸ್ಟಿಕ್ ಪಟ್ಟಿ, ಅದರಿಂದ ಕವಲೊಡೆದು ಮೊಳೆಗೆ ಸುತ್ತಿಕೊಂಡ ಬಣ್ಣಬಣ್ಣದ ಸಡಿಲ ವಾಯರು. ಮಣ್ಣಿನ ಪದರ ಅಗೆದು ನೋಡುವ ಪುರಾತತ್ವದವರಿಗೆ ಸಿಗುವ ಸುಖ ನನಗೆ ಗೋಡೆಯ ಮೇಲೆಯೇ ಸಿಕ್ಕಿತು.

ಗುಳೇದಗುಡ್ಡದ ಮಗ್ಗದ ಮನೆಯನ್ನು ನೋಡದವರಿಗಾಗಿ ಸ್ವಲ್ಪ ಹೇಳಬೇಕು. ಈ ಊರು ಖಣಕ್ಕೆ ಹೆಸರಾದದ್ದು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ಎಂಬುದು ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಮದುವೆ ಜವಳಿಯ ಜೋಡಿಮಾತು. ಖಣದ ಮಗ್ಗ ಕುಣಿಮಗ್ಗ. ಪಡಸಾಲೆಯ ನೆಲದಲ್ಲಿ ಕುಣಿ ತೋಡಿ, ನೇಕಾರ ಅದರ ಅಂಚಿಗೆ ಕೂತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯುತ್ತಾನೆ. ಅವನ ಸೊಂಟದಿಂದ ಕೆಳಗಿನ ಅರ್ಧ ದೇಹ ಇಡೀ ದಿನ ಭೂಮಿಯೊಳಗೆ. ಈ ಕುಣಿಗೆ ಒಂದು ಉಪಕಾರವಿದೆ. ನೆಲದ ತಂಪು ಮೇಲೆದ್ದು ಹಾಸಿನ ಎಳೆಗಳಿಗೆ ತಾಗುತ್ತದೆ, ಎಳೆ ಒಣಗಿ ಪಟಪಟ ಕಡಿಯುವುದಿಲ್ಲ. ನಮ್ಮ ಬಿಸಿಲು ನಾಡಿನಲ್ಲಿ ಅದೇನು ಸಣ್ಣ ಮಾತಲ್ಲ. ಬೇಸಿಗೆಯಲ್ಲಿ ಕುಣಿಗೆ ನೀರು ಚಿಮುಕಿಸುವುದೂ ಉಂಟು. ನೂಲಿಗೆ ಬೇಕಾದ ಈ ತೇವ ಕರೆಂಟಿಗೂ ಬೇಕಾದದ್ದೇ ಎಂಬುದು ಮುಂದೆ ಬರುವ ಕತೆ.

ಮಾಳಿಗೆ ಮನೆಗೆ ಕಿಟಕಿ ಕಡಿಮೆ. ಬೆಳಕು ಬರುವುದು ಮಣ್ಣಿನ ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ. ಅದು ಸೂರ್ಯನ ಜೊತೆ ನೆಲದ ಮೇಲೆ ಸರಿಯುತ್ತ ಹೋಗುತ್ತದೆ. ಮಗ್ಗ ಸರಿಯುವುದಿಲ್ಲ. ಖಣದ ಹೂವಿನ ನಮೂನೆಯಲ್ಲಿ ಎಳೆ ತಪ್ಪಿದರೆ ಕಣ್ಣಿಗೆ ಹೊಡೆಯುತ್ತದೆ, ವ್ಯಾಪಾರಿ ಅಷ್ಟಕ್ಕೇ ರೊಕ್ಕ ಮುರಿಯುತ್ತಾನೆ. ಹೀಗಾಗಿ ಹೊತ್ತು ಇಳಿದ ಮೇಲೆ ನೇಯ್ಗೆಗೆ ಕಂದೀಲು ಬೇಕು, ಕಂದೀಲಿಗೆ ಚಿಮಣಿ ಎಣ್ಣೆ ಬೇಕು, ಎಣ್ಣೆಗೆ ರೊಕ್ಕ ಬೇಕು. ಹಿರಿಯ ಹೆಣ್ಣುಮಕ್ಕಳೊಬ್ಬರು ನನಗೆ ಹೇಳಿದ ಮಾತು ನನ್ನ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿದೆ. “ಲೈಟ ಬಂದಾಗ ಮೊದಲನೇ ಬಲ್ಬ ಮಗ್ಗಕ್ಕ ಕಟ್ಟಿದ್ರವ್ವಾ. ಅಡಗಿ ಮನಿಗೆ ಬಂದದ್ದು ನಾ ಎರಡ ಹಡದ ಮ್ಯಾಲ.” ಊರಿಗೆ ಕರೆಂಟು ಬಂದ ತಾರೀಖಿಗಿಂತ ಇದು ನನಗೆ ದೊಡ್ಡ ದಾಖಲೆ. ವಿದ್ಯುತ್ತು ಮನೆಯನ್ನು ಬೆಳಗಲು ಬರಲಿಲ್ಲ, ದುಡಿಮೆಯ ಹಗಲನ್ನು ಉದ್ದ ಮಾಡಲು ಬಂತು. ಬಲ್ಬನ್ನು ಉದ್ದದ ತಿರುಚು ವಾಯರಿಗೆ ಕಟ್ಟಿ, ಎಲ್ಲಿ ನೇಯ್ಗೆ ನಡೆದಿದೆಯೋ ಅಲ್ಲಿಗೆ ದಾರದಿಂದ ಎಳೆದು ಮಗ್ಗದ ಚೌಕಟ್ಟಿಗೆ ಬಿಗಿಯುತ್ತಿದ್ದರು. ಬೆಳಕಿಂಡಿ ಮಾಡಲಾರದ ಕೆಲಸವನ್ನು ಈ ತೂಗುಬಲ್ಬು ಮಾಡಿತು.

ಈಗ ನಿಯಮದ ಕಡೆ ಬರೋಣ. ಮನೆಯೊಳಗಿನ ವಿದ್ಯುತ್ ತಂತಿಗೆ ಕಟ್ಟಳೆ ಬೇಕು ಎಂದು ಮೊದಲು ಅನ್ನಿಸಿದ್ದು ಯಾರಿಗೆ ಎಂದು ಹುಡುಕಿದರೆ ಉತ್ತರ ಸ್ವಾರಸ್ಯದ್ದು. ವಿಮೆ ಕಂಪನಿಗಳಿಗೆ. 1882ರಲ್ಲಿ ಲಂಡನ್ನಿನಲ್ಲಿ ಫೀನಿಕ್ಸ್ ಎಂಬ ಬೆಂಕಿವಿಮೆ ಕಂಪನಿ ವಿದ್ಯುತ್ ದೀಪಗಳಿಗೆ ತನ್ನದೇ ಷರತ್ತು ಮಾಡಿತು. ಅದೇ ವರ್ಷ ಅಲ್ಲಿಯ ಟೆಲಿಗ್ರಾಫ್ ಇಂಜಿನಿಯರುಗಳ ಸಂಘವೂ ನಾಲ್ಕು ಪುಟದ ನಿಯಮಗಳನ್ನು ಪ್ರಕಟಿಸಿತು. ಇಂದಿಗೂ ಪರಿಷ್ಕರಣೆಯಾಗುತ್ತ ಬಂದಿರುವ ಬ್ರಿಟಿಷ್ ವಾಯರಿಂಗ್ ನಿಯಮಗಳ ಮೂಲ ಆ ನಾಲ್ಕು ಪುಟ. ಅವುಗಳ ತಲೆಬರಹವೇ ವಿದ್ಯುತ್ ದೀಪಗಳಿಂದ ಉಂಟಾಗುವ ಬೆಂಕಿ ಅಪಾಯವನ್ನು ತಡೆಯುವ ಕುರಿತಾದದ್ದು. ಅಂದರೆ ವಾಯರಿಂಗ್ ನಿಯಮದ ಹುಟ್ಟು ಮನುಷ್ಯನ ಮೈಯ ಚಿಂತೆಯಿಂದ ಆದದ್ದಲ್ಲ, ಮನೆಯ ಮಾಡು ಸುಟ್ಟೀತು, ಗೋದಾಮು ಉರಿದೀತು, ವಿಮೆ ಹಣ ತೆರಬೇಕಾದೀತು ಎಂಬ ಚಿಂತೆಯಿಂದ. ಹಾಗೆಂದು ಇದನ್ನು ಹೀಯಾಳಿಸಬೇಕಿಲ್ಲ. ಮರದ ಮನೆಗಳ, ಹತ್ತಿ ಗಿರಣಿಗಳ ಕಾಲದಲ್ಲಿ ಬೆಂಕಿಯೇ ದೊಡ್ಡ ಭಯ. ಆದರೆ ಹುಟ್ಟುಗುಣ ಸುಲಭಕ್ಕೆ ಹೋಗುವುದಿಲ್ಲ.

ಭಾರತದಲ್ಲಿ ವಿದ್ಯುತ್ತಿನ ಮೊದಲ ಕಾಯ್ದೆ 1887ರದು. ದೀಪಕ್ಕಾಗಿ ವಿದ್ಯುತ್ ಬಳಸುವಾಗ ಜನರಿಗೂ ಆಸ್ತಿಗೂ ಆಗಬಹುದಾದ ಅಪಾಯ ತಡೆಯುವುದು ಅದರ ಉದ್ದೇಶ. ನಮ್ಮ ಭಾಗದವರು ಅಭಿಮಾನದಿಂದ ಹೇಳುವ ಗೋಕಾಕ ಜಲಪಾತದ ವಿದ್ಯುತ್ತಿನ ಮಾತಿಗೂ ಇದೇ ವರ್ಷವನ್ನು ಹೆಸರಿಸುತ್ತಾರೆ. ಆದರೆ ಘಟಪ್ರಭೆಯ ಆ ಶಕ್ತಿ ನೂಲಿನ ಗಿರಣಿಗಾಗಿ, ನೇಕಾರನ ಮನೆಗಾಗಿ ಅಲ್ಲ. ಮನೆಗಳ ಕತೆ ಮೈಸೂರು ಸಂಸ್ಥಾನದಲ್ಲಿ ಬೇರೆ, ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಬೇರೆ. 1902ರ ಜೂನ್ 30ರಂದು ಶಿವನಸಮುದ್ರದಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು, 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿತು. ಬಾದಾಮಿ ತಾಲ್ಲೂಕಿನ ಗುಳೇದಗುಡ್ಡ ಆಗ ವಿಜಾಪುರ ಜಿಲ್ಲೆಯಲ್ಲಿ, ಮುಂಬಯಿಯ ಆಳ್ವಿಕೆಯಲ್ಲಿ. ನಮ್ಮ ಪಠ್ಯಪುಸ್ತಕಗಳ ಶಿವನಸಮುದ್ರದ ಹೆಮ್ಮೆ ನಮ್ಮ ಅಜ್ಜ ಅಜ್ಜಿಯರ ಅನುಭವವಲ್ಲ. ಅವರಿಗೆ ಅದು ಪಕ್ಕದ ರಾಜ್ಯದ ಸುದ್ದಿ.

1956 ಮತ್ತು 1957 ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ನಡುಗಂಬ. 1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1910ರ ವಿದ್ಯುತ್ ಕಾಯ್ದೆಯ ಕೆಳಗೆ ಹೊಸ ಭಾರತೀಯ ವಿದ್ಯುತ್ ನಿಯಮಗಳು ರೂಪುಗೊಂಡದ್ದು ಅದೇ 1956ರಲ್ಲಿ. 1957ರ ಅಕ್ಟೋಬರ್‌ನಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ರಾಜ್ಯದ ಹೆಸರು ಬದಲಾದಾಗ ಅದು ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ, ಅಂದರೆ ಜನರ ಬಾಯಲ್ಲಿ ಕೆ.ಇ.ಬಿ. ಆಯಿತು. 1999ರಲ್ಲಿ ಮಂಡಳಿ ಹೋಗಿ ನಿಗಮ ಬಂತು, 2002ರಲ್ಲಿ ಹಂಚಿಕೆಗೆ ಬೇರೆ ಕಂಪನಿಗಳು ಬಂದವು. ಆದರೂ ನಮ್ಮೂರ ಕಡೆ ಲೈನ್‌ಮನ್ ಬಂದರೆ ಈಗಲೂ “ಕೆ.ಇ.ಬಿ.ಯಾವ್ರು ಬಂದಾರ” ಎನ್ನುತ್ತಾರೆ. ಆಡುಮಾತು ಸರಕಾರಿ ಆದೇಶ ಓದುವುದಿಲ್ಲ.

1956ರ ಆ ನಿಯಮಗಳನ್ನು ಓದಿದಾಗ ನನಗೆ ಆಶ್ಚರ್ಯವಾದದ್ದು ಅವು ಎಷ್ಟು ಒಳ್ಳೆಯವು ಎಂಬುದಕ್ಕೆ. 32ನೆಯ ನಿಯಮ ನ್ಯೂಟ್ರಲ್ ತಂತಿಯ ಮೇಲೆ ಒಂಟಿ ಸ್ವಿಚ್ಚಾಗಲಿ ಫ್ಯೂಸಾಗಲಿ ಇರಕೂಡದು ಎನ್ನುತ್ತದೆ. ಇದರ ಅರ್ಥ ಬಲ್ಬು ಬದಲಿಸುವ ಹೆಣ್ಣುಮಗಳಿಗೆ ಗೊತ್ತಾಗಬೇಕು. ಸ್ವಿಚ್ಚು ನ್ಯೂಟ್ರಲ್ ಮೇಲೆ ಇದ್ದರೆ ದೀಪ ಆರುತ್ತದೆ, ಹೋಲ್ಡರಿನಲ್ಲಿ ಕರೆಂಟು ಮಾತ್ರ ಹಾಗೇ ಕೂತಿರುತ್ತದೆ. 45ನೆಯ ನಿಯಮ, ಪರವಾನಗಿ ಇರುವ ಗುತ್ತಿಗೆದಾರನೇ, ಅರ್ಹತಾಪತ್ರ ಇರುವವನ ಮೇಲ್ವಿಚಾರಣೆಯಲ್ಲೇ ಕೆಲಸ ಮಾಡಬೇಕು ಎನ್ನುತ್ತದೆ. 46ನೆಯದು 5 ವರ್ಷ ಮೀರದಂತೆ ಮರುತಪಾಸಣೆ ಆಗಬೇಕು ಎನ್ನುತ್ತದೆ. 48ನೆಯದು, ಒಳಗೆ ಅಪಾಯಕರ ಸೋರಿಕೆ ಇಲ್ಲವೆಂದು ಅಳತೆ ಮಾಡಿ ತೃಪ್ತಿಯಾದ ಮೇಲಷ್ಟೇ ಸಂಪರ್ಕ ಕೊಡಬೇಕು ಎನ್ನುತ್ತದೆ. ನಾನು ಬೆರಳಿಟ್ಟು ಎರಡೆರಡು ಸಲ ಓದಿದ್ದು 33ನೆಯ ನಿಯಮ. ವಿದ್ಯುತ್ ಕೊಡುವವರು ಗ್ರಾಹಕನ ಮನೆಯಲ್ಲಿ, ಸಂಪರ್ಕ ಶುರುವಾಗುವ ಜಾಗದ ಹತ್ತಿರ, ಅವನ ಬಳಕೆಗಾಗಿ ಭೂಮಿಗೆ ಜೋಡಿಸಿದ ಒಂದು ಟರ್ಮಿನಲ್ಲನ್ನು ಒದಗಿಸಿ ಕಾಪಾಡಬೇಕು. ಅಂದರೆ ಮೂರನೆಯ ತಂತಿ, ಅರ್ಥಿಂಗ್ ತಂತಿ, ಮೀಟರಿನ ಹತ್ತಿರವೇ ಶುರುವಾಗಬೇಕು ಎಂದು ಕಾನೂನು 1956ರಲ್ಲೇ ಬರೆದಿಟ್ಟಿತ್ತು.

ಮನೆಯೊಳಗೆ ಬಂದದ್ದು ಎರಡೇ ತಂತಿ. ಒಂದು ಫೇಸ್, ಒಂದು ನ್ಯೂಟ್ರಲ್. ತೂಗುಬಲ್ಬು ಉರಿಯಲು ಎರಡು ಸಾಕು. ಮೂರನೆಯದು ಇದ್ದರೂ ಬಲ್ಬು ಅಷ್ಟೇ ಉರಿಯುತ್ತದೆ, ಇಲ್ಲದಿದ್ದರೂ ಅಷ್ಟೇ. ಇಲ್ಲದ್ದರ ಕೊರತೆ ಕಣ್ಣಿಗೆ ಕಾಣುವುದೇ ಇಲ್ಲ. ಊರಿನ ಹಳೆಯ ವಾಯರಿಂಗ್ ಮೇಸ್ತ್ರಿಯೊಬ್ಬರನ್ನು ನಾನು ಈ ಬಗ್ಗೆ ಕೇಳಿದೆ. ಈಗ ಕೆಲಸ ಬಿಟ್ಟಿದ್ದಾರೆ. ಹಲ್ಲಿಲ್ಲದ ಬಾಯಲ್ಲಿ ನಕ್ಕು ಹೇಳಿದರು. “ಪಾಯಿಂಟ್ ಲೆಕ್ಕದಾಗ ಕೆಲಸ ಯವ್ವಾ. ಬಲ್ಬ ಒಂದ ಪಾಯಿಂಟು, ಫ್ಯಾನ ಒಂದ ಪಾಯಿಂಟು, ಪ್ಲಗ್ಗ ಒಂದ ಪಾಯಿಂಟು. ನೆಲಕ್ಕ ಹೋಗೂ ತಂತಿ ಯಾ ಪಾಯಿಂಟು? ಅದಕ್ಕ ರೊಕ್ಕ ಕೇಳಿದ್ರ, ಮಣ್ಣಿಗೆ ಯಾಕೋ ಕರೆಂಟು ಅಂತಿದ್ರು.”

“ಕಾಗದದಾಗ ಅರ್ಥಿಂಗ್ ಐತಿ ಅಂತ ಬರೀಬೇಕಾಗತ್ತಲ್ಲ ಅಜ್ಜಾರ?”

“ಬರೀತಿದ್ರು. ಸಹಿ ಮಾಡೂ ಗುತ್ತಿಗೆದಾರ್ರು ಬ್ಯಾರೆ ಊರಾಗ ಇರ್ತಿದ್ರು. ಮನಿ ನಾ ನೋಡೀನಿ, ಕಾಗದ ಅವ್ರು ನೋಡ್ಯಾರ.”

ಎರಡು ವಾಕ್ಯದಲ್ಲಿ ಅವರು ನನ್ನ ಒಂದು ಅಧ್ಯಾಯದ ಸಾರ ಹೇಳಿಬಿಟ್ಟರು. ಅವರು ಕಲಿತದ್ದು ತಮ್ಮ ಸೋದರಮಾವನಿಂದ, ಸೋದರಮಾವ ಕಲಿತದ್ದು ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ. ನಿಯಮದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಇವರ ಕೈಚಳಕವೇನೂ ಕಡಿಮೆಯದಲ್ಲ. ಮಣ್ಣಿನ ಗೋಡೆಯಲ್ಲಿ ಮರದ ಗೂಟ ಬಡಿದು, ಅದರ ಮೇಲೆ ಪಟ್ಟಿ ಕೂರಿಸಿ, ಗೇಣಿಗಿಂತ ಕಡಿಮೆ ಅಂತರಕ್ಕೆ ಕ್ಲಿಪ್ಪು ಮಡಚಿ, ದಾರ ಹಿಡಿದಂತೆ ನೆಟ್ಟಗೆ ಎಳೆದ ಅವರ ಕೆಲವು ಸಾಲುಗಳು ಈಗಲೂ ಗೋಡೆಯ ಮೇಲಿವೆ. ತಂತಿಗಳೆಲ್ಲ ಕಪ್ಪು, ಕೆಂಪು ಕಪ್ಪು ಹಸಿರು ಎಂಬ ಬಣ್ಣದ ಗುರುತು ಆಮೇಲಿನದು. ಯಾವುದು ಫೇಸ್ ಎಂದು ಟೆಸ್ಟರ್ ಹಚ್ಚಿ ನೋಡಿ ಸ್ವಿಚ್ಚಿಗೆ ತರುತ್ತಿದ್ದೆ ಎಂದು ಅವರು ಹೆಮ್ಮೆಯಿಂದ ಹೇಳಿದರು. 32ನೆಯ ನಿಯಮವನ್ನು ಓದದೆಯೇ ಪಾಲಿಸಿದವರು ಅವರು. 33ನೆಯದನ್ನು ಮಾತ್ರ ಅವರ ಗುರು ಹೇಳಿಕೊಟ್ಟಿರಲಿಲ್ಲ, ಗಿರಾಕಿ ಕೇಳಿರಲಿಲ್ಲ. ನಾನು ನೋಡಿದ ಹಳೆಯ ಮೀಟರ್ ಬೋರ್ಡುಗಳ ಹತ್ತಿರ ಆ ಟರ್ಮಿನಲ್ಲು ಎಂದಾದರೂ ಇತ್ತೋ, ಇದ್ದದ್ದು ತುಕ್ಕು ಹಿಡಿದು ಉದುರಿತೋ ಹೇಳಲು ಬಾರದಷ್ಟು ಸಲ ಗೋಡೆಗೆ ಸುಣ್ಣ ಬಿದ್ದಿದೆ.

ಮೂರನೆಯ ತಂತಿ ಮಾಡುವ ಕೆಲಸವೇನು ಎಂಬುದನ್ನು ಸಾಹಿತ್ಯದ ಓದುಗರು ಬೇಸರಿಸದೆ ಒಂದೆರಡು ನಿಮಿಷ ಕೇಳಬೇಕು, ಇಡೀ ಕತೆಯ ಗಂಟು ಇಲ್ಲಿದೆ. ಮನೆಯ ಫ್ಯೂಸು 5 ಆಂಪಿಯರಿನದು ಎಂದುಕೊಳ್ಳಿ. ಅದಕ್ಕಿಂತ ಹೆಚ್ಚು ಕರೆಂಟು ಹರಿದಾಗ ಅದು ಕರಗಿ ತಂತಿ ಕಾಯದಂತೆ ತಡೆಯುತ್ತದೆ. ಈಗ ಮನುಷ್ಯನ ಲೆಕ್ಕ. ಒದ್ದೆ ಮೈಗೆ 230 ವೋಲ್ಟಿನ ತಂತಿ ತಾಗಿದರೆ ಹರಿಯುವುದು ಒಂದು ಆಂಪಿಯರಿನ ಹತ್ತನೆಯ ಒಂದು, ಐದನೆಯ ಒಂದು ಭಾಗ. 40 ವಾಟಿನ ಬಲ್ಬಿನೊಳಗೆ ಹರಿಯುವುದೂ ಹೆಚ್ಚುಕಡಿಮೆ ಅಷ್ಟೇ. ಎದೆಬಡಿತ ನಿಲ್ಲಿಸಲು ಅಷ್ಟು ಸಾಕು. ಫ್ಯೂಸಿನ ಕಣ್ಣಿಗೆ ಸಾಯುತ್ತಿರುವ ಮನುಷ್ಯ ಇನ್ನೊಂದು ಬಲ್ಬು, ಅಷ್ಟೇ. ಅದು ಕರಗುವುದಿಲ್ಲ. 1882ರ ವಿಮೆ ಕಂಪನಿಯ ಹುಟ್ಟುಗುಣ ಎಂದು ನಾನು ಅಂದದ್ದು ಇದನ್ನೇ. ಫ್ಯೂಸು ಮನೆಯನ್ನು ಕಾಯುತ್ತದೆ, ಮನೆಯವರನ್ನು ಕಾಯುವುದಿಲ್ಲ.

ಮನೆಯವರನ್ನು ಕಾಯಲು ಬಂದದ್ದು ಮೂರನೆಯ ತಂತಿ. ಇಸ್ತ್ರಿಪೆಟ್ಟಿಗೆ, ಮೋಟಾರಿನಂತಹ ಲೋಹದ ಮೈಯ ಉಪಕರಣದ ಒಳಗೆ ಫೇಸ್ ತಂತಿ ಸವೆದು ಮೈಗೆ ತಾಗಿದರೆ, ಕರೆಂಟು ಈ ತಂತಿ ಹಿಡಿದು ಸರಾಗವಾಗಿ ನೆಲಕ್ಕೆ ಇಳಿಯುತ್ತದೆ. ಇಳಿಯುವ ದಾರಿ ಅಗಲವಾಗಿದ್ದರೆ ಭರದಿಂದ ಹರಿದು ಫ್ಯೂಸು ಕರಗುತ್ತದೆ. ಇಲ್ಲಿ ಗುಳೇದಗುಡ್ಡದ ನೆಲ ತನ್ನದೊಂದು ಮಾತು ಸೇರಿಸುತ್ತದೆ. ಬಾದಾಮಿಯ ಗುಹೆಗಳನ್ನು ಕೊರೆದ ಮರಳುಗಲ್ಲೇ ಇಲ್ಲಿಯದೂ. ಮೇಲೆ ತೆಳು ಮಣ್ಣು, ಕೆಳಗೆ ಬಂಡೆ, ಮಳೆ ಕಡಿಮೆ. ಇಂಥ ನೆಲ ಕರೆಂಟನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೇ ಗುಂಡಿ ತೋಡಿ, ಕೊಳವೆಯೋ ತಗಡೋ ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ, ಬೇಸಿಗೆಯಲ್ಲಿ ನೀರು ಹೊಯ್ಯುವ ಪದ್ಧತಿ. ಅಷ್ಟು ಮಾಡಿಯೂ ನೆಲದ ತಡೆ 100 ಓಮ್ ಉಳಿದರೆ ಹರಿಯುವುದು ಎರಡು ಚಿಲ್ಲರೆ ಆಂಪಿಯರು, 5 ಆಂಪಿಯರಿನ ಫ್ಯೂಸು ಮಿಸುಕುವುದಿಲ್ಲ. ಇಂಥ ಕಡೆ ಬೇಕಾಗುವುದು ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ಇರುವ ಸಣ್ಣ ವ್ಯತ್ಯಾಸ ಹಿಡಿದು ಕಣ್ಣುಮಿಟುಕಿಸುವುದರೊಳಗೆ ಕಡಿದುಹಾಕುವ ಸೋರಿಕೆ ತಡೆ ಸಾಧನ, ಮನೆಗಳಿಗಾದರೆ 30 ಮಿಲಿ ಆಂಪಿಯರಿನದು.

ಆ ಸಾಧನವೂ ನಿಯಮದಲ್ಲಿ ಬಂತು. 1956ರ ನಿಯಮಗಳಿಗೆ ಆಮೇಲೆ ಸೇರಿಸಿದ 61-ಎ ಅದನ್ನು ಕಡ್ಡಾಯ ಮಾಡಿತು. ಆದರೆ 5 ಕಿಲೋವಾಟಿಗಿಂತ ಕಡಿಮೆ ಹೊರೆಯ ಸಣ್ಣ ಸ್ಥಾಪನೆಗಳನ್ನು ಹೊರಗಿಟ್ಟು. ಒಂದು ಬಲ್ಬು, ಒಂದು ಫ್ಯಾನು, ಒಂದು ಟಿವಿ ಇರುವ ಮಗ್ಗದ ಮನೆಯ ಹೊರೆ ಅರ್ಧ ಕಿಲೋವಾಟಿಗೂ ಬರುವುದಿಲ್ಲ. ಮುಂದೆ ಈ ಮಿತಿ ಇಳಿಯಿತು ನಿಜ. ಆದರೂ ಹೊರೆ ನೋಡಿ ಜೀವರಕ್ಷಣೆ ಹಂಚಿದ ಆ ಕಾಲದಲ್ಲಿ ಕಟ್ಟಿದ ಮನೆಗಳಲ್ಲಿ ಜನ ಈಗಲೂ ಇದ್ದಾರೆ. ಒಣ ಮಹಡಿಯ ಮೇಲೆ ಚಪ್ಪಲಿ ಹಾಕಿಕೊಂಡು ಓಡಾಡುವ ದೊಡ್ಡ ಮನೆಗೆ ರಕ್ಷಣೆ ಕಡ್ಡಾಯ, ಕಾಲು ಕುಣಿಯಲ್ಲಿಟ್ಟು ಕೂತವನಿಗೆ ಇಲ್ಲ. ನಿಯಮ ಬರೆದವರಿಗೆ ದುರುದ್ದೇಶ ಇತ್ತೆಂದು ನಾನು ಹೇಳುವುದಿಲ್ಲ. ಅವರ ಕಣ್ಣ ಮುಂದೆ ಇದ್ದ ‘ಗ್ರಾಹಕ’ ಕುರ್ಚಿಯ ಮೇಲೆ ಕೂತಿದ್ದ.

1970ರ ದಶಕದ ಕೊನೆಗೆ ಭಾಗ್ಯಜ್ಯೋತಿ ಬಂತು. ಬಡವರ ಮನೆಗೆ ಒಂದು ದೀಪ. ಸಾವಿರಾರು ಗುಡಿಸಲುಗಳಿಂದ ಚಿಮಣಿಯ ಹೊಗೆ ಓಡಿಸಿದ ಯೋಜನೆ ಅದು, ಅದರ ಮಹತ್ವವನ್ನು ಕಡಿಮೆ ಮಾಡಲಾರೆ. ಆದರೆ ಒಂದು ದೀಪಕ್ಕೆಂದು ಎಳೆದ ಎರಡು ತಂತಿಯ ಮೇಲೆ ಮುಂದಿನ ನಲವತ್ತು ವರ್ಷ ಟೇಪ್ ರೆಕಾರ್ಡರ್, ಟಿವಿ, ಮಿಕ್ಸಿ, ನೀರಿನ ಮೋಟಾರು ಒಂದೊಂದಾಗಿ ಬಂದು ಕೂತವು. ಫ್ಯೂಸು ಪದೇಪದೇ ಹೋಗತೊಡಗಿದಾಗ ದಪ್ಪ ತಂತಿ ಹಾಕಿದರು. ಮೂರು ಕಡ್ಡಿಯ ಪ್ಲಗ್ಗು ಎರಡು ತೂತಿನ ಹಳೆಯ ಸಾಕೆಟ್ಟಿಗೆ ಹೋಗದಿದ್ದಾಗ ತುದಿ ಕತ್ತರಿಸಿ ಎರಡು ಎಳೆ ಸಿಕ್ಕಿಸಿದರು, ಹಸಿರು ಎಳೆಯನ್ನು ಹಿಂದಕ್ಕೆ ಮಡಚಿದರು. ನ್ಯೂಟ್ರಲ್ ಕೈಕೊಟ್ಟ ದಿನಗಳಲ್ಲಿ ನೆಲಕ್ಕೆ ಕಬ್ಬಿಣದ ಸಲಾಕೆ ಬಡಿದು ಅದನ್ನೇ ನ್ಯೂಟ್ರಲ್ ಮಾಡಿಕೊಂಡು ಬಲ್ಬು ಉರಿಸಿದ ಜಾಣರೂ ಇದ್ದಾರೆ. ಕಾಯಬೇಕಾದ ನೆಲವನ್ನೇ ದುಡಿಸಿಕೊಂಡದ್ದು ಅದು. 2023ರಲ್ಲಿ 200 ಯೂನಿಟ್ಟಿನವರೆಗಿನ ಗೃಹಜ್ಯೋತಿಗೆ ಅರ್ಜಿ ಹಾಕುವಾಗ ಬಿಲ್ಲಿನ ಖಾತೆ ಸಂಖ್ಯೆ ಕೇಳಿದರು, ಆಧಾರ್ ಕೇಳಿದರು. ಮನೆಗೆ ಎಷ್ಟು ತಂತಿ ಎಂದು ಕೇಳುವ ಕಾಲಂ ಇರಲಿಲ್ಲ. ಅದು ಬಿಲ್ಲಿನ ಯೋಜನೆ, ಇರಬೇಕೆಂದೇನೂ ಇಲ್ಲ.

ಮನೆಯೊಂದರ ಬಗ್ಗೆ ಬರೆಯಲೇಬೇಕು. ಮನೆತನದ ಹೆಸರಾಗಲಿ ಓಣಿಯ ಹೆಸರಾಗಲಿ ಬರೆಯುವುದಿಲ್ಲ. ಕುಣಿಮಗ್ಗದಲ್ಲಿ ಗಂಡಸು ನೇಯುವಾಗ ಹೊಕ್ಕಿನ ಕಂಡಿಕೆ ಸುತ್ತಿ ಕೊಡುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಕೈರಾಟಿಗೆ ಈಗ ಸಣ್ಣ ಮೋಟಾರು ಕೂಡಿಸುತ್ತಾರೆ, ಕೈನೋವು ತಪ್ಪುತ್ತದೆ, ಕೆಲಸ ಬೇಗ ಸಾಗುತ್ತದೆ. ಆ ಮನೆಯ ಸೊಸೆ ಮಳೆಗಾಲದ ಒಂದು ಮುಂಜಾನೆ ಮಾಳಿಗೆ ಸೋರಿ ತೊಯ್ದ ನೆಲದ ಮೇಲೆ ಕೂತು ರಾಟಿ ಮುಟ್ಟಿದಳು. ಮತ್ತೆ ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಫ್ಯೂಸು ಹೋಗಲಿಲ್ಲ. ಪಡಸಾಲೆಯ ಬಲ್ಬು ಉರಿಯುತ್ತಲೇ ಇತ್ತಂತೆ.

2003ರ ವಿದ್ಯುತ್ ಕಾಯ್ದೆಯ 161ನೆಯ ಸೆಕ್ಷನ್ನಿನ ಪ್ರಕಾರ ಇಂಥ ಸಾವಿನ ಬಗ್ಗೆ ತಿಳಿಸಬೇಕು, ತನಿಖೆ ನಡೆಯಬಹುದು. ನಡೆಯಿತು. ಬಂದವರು ಕಂಡದ್ದನ್ನೇ ಬರೆದರು. ದೋಷ ಮನೆಯ ಒಳ ವಾಯರಿಂಗಿನದು, ಅರ್ಥಿಂಗ್ ಇಲ್ಲ, ಜವಾಬ್ದಾರಿ ಮಾಲೀಕನದು. ಕಂಬದ ತಂತಿ ಹರಿದು ಬಿದ್ದಿದ್ದರೆ ಪರಿಹಾರದ ಮಾತು ಬರುತ್ತಿತ್ತು, ಇದು ಮೀಟರಿನಿಂದ ಈಚೆ ಆದದ್ದು. ವರದಿಯಲ್ಲಿ ಸುಳ್ಳಿಲ್ಲ. ಅದನ್ನು ನನಗೆ ಓದಿ ಹೇಳಲು ಕೊಟ್ಟವರು ಅವಳ ಮಾವ, ಎಪ್ಪತ್ತು ದಾಟಿದ ನೇಕಾರ. ನಾನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಮನೆ ಅವರ ಹೆಸರಲ್ಲಿದೆ, ಆರ್.ಆರ್. ನಂಬರು ಅವರ ಹೆಸರಲ್ಲಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಕೇಳಿದರು. “ಹಂಗಾದ್ರ ಆಕಿನ್ನ ಕೊಂದಾವ ನಾನ ಏನವ್ವಾ?”

ಚರಿತ್ರೆ ಓದುವವರು ಇಂಥ ಪ್ರಶ್ನೆಗೆ ಉತ್ತರ ಕೊಡುವವರಲ್ಲ ಎಂದು ನಮಗೆ ಕಲಿಸುತ್ತಾರೆ. ನಾನು ಕೊಟ್ಟೆ. ಅಲ್ಲ ಅಜ್ಜಾರ, ಅಂದೆ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ, ಮೇಲಿನ ಎಲ್ಲ ಪುಟಗಳನ್ನು ಓದಿದ ಮೇಲೆ ನನಗೆ ಬಂದ ತೀರ್ಮಾನ. ಭೂಮಿಯ ಟರ್ಮಿನಲ್ಲು ಮೀಟರಿನ ಹತ್ತಿರ ಇರಬೇಕೆಂದು ಬರೆದದ್ದು ಆತನಲ್ಲ, ಆತ ಅದನ್ನು ತೆಗೆದೂ ಇಲ್ಲ. 5 ವರ್ಷಕ್ಕೊಮ್ಮೆ ಹೊರಗಿನ ಕಣ್ಣೊಂದು ಬಂದು ನೋಡಬೇಕೆಂದು 1956ರ ನಿಯಮ ಹೇಳಿತ್ತು. 2010ರ ಸುರಕ್ಷತಾ ನಿಯಮಗಳ ಹೊತ್ತಿಗೆ, ನಿಗದಿತ ವೋಲ್ಟೇಜಿಗಿಂತ ಕೆಳಗಿನ ಸ್ಥಾಪನೆಗಳನ್ನು ಮಾಲೀಕನೇ ಪರೀಕ್ಷಿಸಿ ತಾನೇ ದೃಢೀಕರಿಸಿಕೊಳ್ಳುವ ವ್ಯವಸ್ಥೆ ಬಂತು. ಮಾಲೀಕ ಎಂದರೆ ಯಾರು? ಮೂರನೆಯ ಎಳೆ ಯಾಕೆ ಎಂದು ಯಾರೂ ಯಾವತ್ತೂ ಹೇಳದ ಈ ಮುದುಕ. ಕೆಲಸ ಮಾಡಿದವನಿಗೆ ಕಾಗದ ಇರಲಿಲ್ಲ, ಕಾಗದಕ್ಕೆ ಸಹಿ ಹಾಕಿದವನು ಮನೆ ನೋಡಿರಲಿಲ್ಲ, ತಪಾಸಣೆಯ ಕರ್ತವ್ಯ ಕೈಯಿಂದ ಕೈಗೆ ದಾಟಿ ಕೊನೆಗೆ ಓದಲು ಬಾರದವನ ಕೈಗೆ ಬಂದು ನಿಂತಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2021ರಲ್ಲಿ ದೇಶದಲ್ಲಿ ವಿದ್ಯುತ್ ತಗುಲಿ ಸತ್ತವರು 12 ಸಾವಿರಕ್ಕೂ ಹೆಚ್ಚು. ಅದರಲ್ಲಿ ಹೊಲದ ಪಂಪು, ಹರಿದ ಲೈನು ಎಲ್ಲವೂ ಸೇರಿವೆ. ಮೀಟರಿನಿಂದ ಈಚೆ ಸತ್ತವರೂ ಅದೇ ಸಂಖ್ಯೆಯೊಳಗೆ ಇದ್ದಾರೆ.

ಊರು ಹಾಗೇ ನಿಂತಿದೆ ಎಂದೇನಲ್ಲ. ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿದ ಮನೆಗಳಲ್ಲಿ ತಂತಿ ಗೋಡೆಯೊಳಗಿನ ಪೈಪಿನಲ್ಲಿ ಹೋಗುತ್ತದೆ, ಹಸಿರು ಎಳೆ ಜೊತೆಗಿರುತ್ತದೆ, ಬೋರ್ಡಿನಲ್ಲಿ ಪರೀಕ್ಷೆಯ ಗುಂಡಿ ಇರುವ ಸೋರಿಕೆ ತಡೆ ಸಾಧನವೂ ಕಾಣುತ್ತದೆ. ಐಟಿಐ ಓದಿದ ಹುಡುಗರು ವಾಯರಿಂಗ್ ಮಾಡುತ್ತಾರೆ, ಅವರ ಪಠ್ಯ ಕನ್ನಡದಲ್ಲೂ ಸಿಗುತ್ತದೆ. ಕುಣಿಮಗ್ಗಗಳು ಉಳಿದಿರುವುದು ಮಾತ್ರ ಬಹುತೇಕ ಹಳೆಯ ಮನೆಗಳಲ್ಲೇ, ಸ್ಲ್ಯಾಬ್ ಹಾಕಲು ಆಗದವರಲ್ಲೇ. ಖಣದ ಮಗ್ಗ ಉಳಿಯಬೇಕು ಎನ್ನುವ ನಮ್ಮಂಥವರು ನಮೂನೆಯ ಬಗ್ಗೆ, ಮಾರುಕಟ್ಟೆಯ ಬಗ್ಗೆ ಮಾತಾಡುತ್ತೇವೆ. ಕೈಮಗ್ಗದ ಉಳಿವಿನ ಲೆಕ್ಕದಲ್ಲಿ ಒಂದು ಸೋರಿಕೆ ತಡೆ ಸಾಧನ ಮತ್ತು ಒಂದು ಅರ್ಥಿಂಗ್ ಗುಂಡಿಯ ಖರ್ಚು ಸೇರಿದ್ದನ್ನು ನಾನು ಈವರೆಗೆ ನೋಡಿಲ್ಲ.

ಆ ಮನೆಗೆ ಕಳೆದ ಬೇಸಿಗೆಯಲ್ಲಿ ಅರ್ಥಿಂಗ್ ಆಯಿತು. ಹಳೆಯ ಮೇಸ್ತ್ರಿಯ ಮೊಮ್ಮಗ, ಐಟಿಐ ಮುಗಿಸಿದವ, ಕೆಲಸ ಹಿಡಿದ. ಎಲ್ಲಿ ಅಗೆದರೂ ಎರಡಡಿಗೆ ಕಲ್ಲು ಸಿಗುತ್ತಿತ್ತು. ಹುಡುಗ ಅಂಗಳದ ಮೂಲೆ ಆರಿಸಿದ್ದ. ಮುದುಕ ಬೇಡವೆಂದರು, ಇಡೀ ಮನೆಯಲ್ಲಿ ಯಾವ ನೆಲ ಯಾವಾಗಲೂ ಹಸಿ ಇರುತ್ತದೆಂದು ಕುಣಿಯಲ್ಲಿ ಕಾಲಿಟ್ಟು ಐವತ್ತು ವರ್ಷ ಕೂತವರಿಗೆ ಗೊತ್ತಿತ್ತು. ಹಿತ್ತಲಲ್ಲಿ ಬಚ್ಚಲ ನೀರು ಹೋಗುವ ಕಡೆ ತೋರಿಸಿದರು. ಅಲ್ಲಿ ಕಲ್ಲು ಆಳದಲ್ಲಿತ್ತು. ಕೊಳವೆ ಇಳಿಸಿ, ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ಹಾಕುತ್ತ ತುಂಬಿದರು. ಹಸಿರು ತಂತಿ ಹಿತ್ತಲ ಗೋಡೆ ಹತ್ತಿ, ಅಡಿಗೆ ಮನೆಯ ಮೇಲಿಂದ ಪಡಸಾಲೆಗೆ ಬಂದು ರಾಟಿಯ ಪ್ಲಗ್ಗಿನ ಮೂರನೆಯ ತೂತಿಗೆ ಸೇರಿತು. ಹುಡುಗ ಕೂಲಿ ಲೆಕ್ಕ ಹೇಳುವಾಗ ಅದನ್ನು ಒಂದು ಪಾಯಿಂಟು ಎಂದು ಹಿಡಿದ.